ದಿವಾ ದಾಟಿದ ಮೇಲೆ ಕಣ್ಣು ಮುಚ್ಚುವ ಕಂಪ್ಯೂಟರ್

ನನ್ನ ಮಾವನ ಎಡಗೈ ಎಂದೂ ಸುಮ್ಮನಿರುತ್ತಿರಲಿಲ್ಲ. ಕೂತಲ್ಲೆಲ್ಲ ಆ ಅಂಗೈ ಕೆಳಗೆ ಏನಾದರೊಂದು ಬೇಕು, ಅದನ್ನು ಒತ್ತಿ ಹಿಡಿದಿರಬೇಕು. ಊಟಕ್ಕೆ ಕೂತರೆ ಟೇಬಲ್ಲಿನ ಅಂಚು, ಪೇಪರ್ ಓದುವಾಗ ಕುರ್ಚಿಯ ಕೈ, ಬಸ್ಸಿನಲ್ಲಾದರೆ ತಮ್ಮದೇ ಮೊಣಕಾಲು. ಅಂಗೈಯ ನಡುವೆ ಚರ್ಮ ದಪ್ಪಗಾಗಿ, ಹಳದಿಗಟ್ಟಿ, ಹಳೆಯ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಬಲಗೈಯಲ್ಲಿ ಅಂಥದ್ದೇನೂ ಇರಲಿಲ್ಲ.

ಗಂಡಿನ ಕಡೆಯವರೆಲ್ಲ ನನ್ನನ್ನು ನೋಡಲೆಂದು ನವಿ ಮುಂಬಯಿಯ ನೆರೂಳಿನ ನಮ್ಮ ಮನೆಗೆ ಬಂದ ದಿನವೂ ಹಾಗೆಯೇ. ಗಾಜಿನ ಟೀಪಾಯಿಯ ಮೇಲೆ ಎಡಗೈ ಊರಿ ಕೂತುಬಿಟ್ಟರು. ಶಿರಾ ಬಂತು, ಚಹಾ ಬಂತು, ಕೈ ಏಳಲಿಲ್ಲ. ನನ್ನ ಅಪ್ಪ ಉಡುಪಿಯ ಕಡೆಯವರು, ಹೊಟೇಲಿನವರು, ಮೇಜು ಕುರ್ಚಿಗಳ ಮೇಲೆ ಅವರಿಗೆ ಜೀವ. ನನ್ನ ಕಿವಿಯ ಹತ್ತಿರ ಬಂದು ತುಳುವಿನಲ್ಲಿ, ಈ ಸಂಬಂಧ ಕುದುರುವಷ್ಟರಲ್ಲಿ ಗಾಜು ಒಡೆಯುತ್ತದೋ ಏನೋ ಎಂದರು. ನನಗೆ ನಗು ತಡೆಯಲಿಲ್ಲ. ಮಾವ ನೋಡಿಬಿಟ್ಟರು.

"ಯಾಕ ನಗ್ತೀಯವಾ? ಗಾಡಿ ನಡಸವ್ನ ಕೈ ಇದು. ಎತ್ತಿದ್ರ ನಿಂತಬಿಡತದ."

ಆಮೇಲೆ ಅವರೇ ವಿವರಿಸಿದರು. ಮುಂಬಯಿಯ ವಿ.ಟಿ.ಯಿಂದ ಕಲ್ಯಾಣದವರೆಗೆ ಲೋಕಲ್ ರೈಲು ಓಡಿಸುತ್ತಿದ್ದ ಮೋಟರ್‌ಮನ್ ಅವರು. ನಿವೃತ್ತಿಯಾಗಿ ಸ್ವಲ್ಪ ಕಾಲವಾಗಿತ್ತು. ಮೋಟರ್‌ಮನ್ನನ ಎಡಗೈಯ ಕೆಳಗೆ ಒಂದು ಹಿಡಿಕೆ ಇರುತ್ತದಂತೆ, ಗಾಡಿ ಓಡುವಷ್ಟು ಹೊತ್ತೂ ಅದನ್ನು ಒತ್ತಿಯೇ ಇರಬೇಕಂತೆ. ಓಡಿಸುವವನು ಕೂತಲ್ಲೇ ಪ್ರಾಣ ಬಿಟ್ಟರೆ ಕೈ ಸಡಿಲವಾಗುತ್ತದೆ, ಬ್ರೇಕ್ ತಾನಾಗಿ ಬಿದ್ದು ಗಾಡಿ ನಿಲ್ಲುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಯಾರಾದರೂ ಸಾವಿನ ಮಾತೆತ್ತುತ್ತಾರಾ ಮಾರಾಯ್ರೇ! ನನ್ನ ಅಮ್ಮನ ಮುಖ ಸಣ್ಣಗಾಯಿತು. ನನಗೋ, ಹುಡುಗ ಹೇಗೋ ಏನೋ, ಈ ಮಾವನಂತೂ ಆಗಬಹುದು ಅನ್ನಿಸಿತು. ನನ್ನ ಗಂಡ ಇವತ್ತಿಗೂ ಅದನ್ನೆತ್ತಿ ಆಡಿಕೊಳ್ಳುತ್ತಾರೆ.

ಅವತ್ತು ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಜನ್ಮವೆಲ್ಲ ರೈಲು ಓಡಿಸಿದ ಮನುಷ್ಯ ಕಲ್ಯಾಣದಿಂದ ನೆರೂಳಿಗೆ ಎರಡು ಬಸ್ಸು ಬದಲಿಸಿ, ನಡುವೆ ಶೀಳ್ ಫಾಟಾ ಕೂಡುರಸ್ತೆಯ ಧೂಳು ಕುಡಿದು ಬಂದಿದ್ದರು. ಕೈಯಲ್ಲಿ ರೈಲ್ವೆ ಪಾಸ್ ಇತ್ತು. ಯಾಕೆಂದು ಅತ್ತೆಯನ್ನು ಕೇಳಿದ್ದಕ್ಕೆ ಅವರು ಸೆರಗಿನಿಂದ ಬೆವರು ಒರೆಸಿಕೊಂಡು, "ಅವರಿಗೆ ಬಸ್ಸೇ ಸೇರತದ" ಎಂದು ಮಾತು ಮುಗಿಸಿದರು.

ನಾನು ಸೊಸೆಯಾಗಿ ಕಲ್ಯಾಣಕ್ಕೆ ಹೋದ ಹೊತ್ತಿಗೆ ಆ ಮನೆಯ ಹಾಲಿನಲ್ಲಿ ಒಂದು ಕಂಪ್ಯೂಟರ್ ಇತ್ತು. ನನ್ನ ಗಂಡ ಕಾಲೇಜಿಗೆ ಹೋಗುವಾಗ ಬಿಡಿಬಿಡಿಯಾಗಿ ತಂದು ಜೋಡಿಸಿಕೊಂಡದ್ದು. ಹಿಂಭಾಗ ಹೊಟ್ಟೆ ಬಂದ ದೊಡ್ಡ ಮಾನಿಟರ್, ಬಿಳಿಯಿದ್ದದ್ದು ಕಂದಾಗಿದ್ದ ಡಬ್ಬಿ. ಅವರು ಬೇಲಾಪುರದ ಆಫೀಸಿಗೆ ಹೋಗಲು ಶುರುಮಾಡಿದ ಮೇಲೆ ಅದರ ಯಜಮಾನಿಕೆ ಮಾವನದಾಗಿತ್ತು. ಯಾರೋ ರೈಲಿನ ಹುಚ್ಚಿನವರು ಕೂತು ಮಾಡಿದ ಒಂದು ಆಟವನ್ನು ಮಗ ಅದರೊಳಗೆ ಹಾಕಿಕೊಟ್ಟಿದ್ದರು. ನಮ್ಮದೇ ಲೋಕಲ್, ನಮ್ಮದೇ ಲೈನು. ಮುಂದಿನ ಗಾಜಿನೊಳಗಿಂದ ಕಂಡ ಹಾಗೆ ಹಳಿ, ಕಂಬ, ಸಿಗ್ನಲ್ ಎಲ್ಲ ಎದುರಿನಿಂದ ಬರುತ್ತವೆ. ವಿ.ಟಿ.ಯಲ್ಲಿ ಹೊರಟರೆ ಕಲ್ಯಾಣ ಮುಟ್ಟಲು ನಿಜವಾದ ಗಾಡಿಗೆ ಬೇಕಾದಷ್ಟೇ ಹೊತ್ತು ಬೇಕು. ಇಂಥದ್ದನ್ನು ಆಟ ಅಂತ ಯಾರಾದರೂ ಆಡುತ್ತಾರಾ ಅಂತ ನನಗೆ ಮೊದಮೊದಲು ಸೋಜಿಗ.

ಮಾವ ಅದನ್ನು ಆಟ ಅನ್ನುತ್ತಿರಲಿಲ್ಲ. ಡ್ಯೂಟಿ ಅನ್ನುತ್ತಿದ್ದರು. ಮಧ್ಯಾಹ್ನ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಒದ್ದೆ ಬಟ್ಟೆಯಿಂದ ಮಾನಿಟರಿನ ಗಾಜು ಒರೆಸಿ ಕೂರುವರು. ಕೀಬೋರ್ಡಿನ ಎಡಕ್ಕೆ ಒಂದು ಅಡಿಕೆ ಡಬ್ಬಿ, ಅದರ ಮೇಲೆ ಎಡಗೈ. ಆಟಕ್ಕೆ ಆ ಡಬ್ಬಿಯ ಹಂಗೇ ಇಲ್ಲ, ಆದರೂ ಅದು ಅಲ್ಲಿರಲೇಬೇಕು. ಪ್ರತಿ ಸಿಗ್ನಲ್ ಬಂದಾಗಲೂ ಬಣ್ಣವನ್ನು ಗಟ್ಟಿಯಾಗಿ ಹೇಳುವರು. ನಡುವೆ ಬೈಗುಳ ಬೇರೆ: "ಈ ಮಕ್ಕಳು ಮುಲುಂಡಿನ ಬ್ರಿಜ್ಜು ಎತ್ತಾಗ ಕಟ್ಯಾರ ನೋಡು!"

"ಮಾವಾ, ಊಟಕ್ಕೆ ಬನ್ನಿ, ಸಾರು ತಣ್ಣಗಾಗ್ತದೆ" ಎಂದು ರಜೆಯ ದಿನ ನಾನು ಕೂಗಿದರೆ, "ಕಳವಾ ದಾಟ್ಲಿ ತಡೀ" ಎಂಬ ಉತ್ತರ. ನಮ್ಮ ಮನೆಯಲ್ಲಿ ಅನ್ನ ಬಡಿಸುವುದಕ್ಕೆ ಗಡಿಯಾರವೇ ಬೇಕಿರಲಿಲ್ಲ. ಥಾಣೆ ಬಂತೆಂದರೆ ಹಪ್ಪಳ ಕರಿಯುವುದು, ಮುಂಬ್ರಾ ಬಂತೆಂದರೆ ತಟ್ಟೆ ಇಡುವುದು.

ಆದರೆ ಆ ಗಾಡಿ ಕಲ್ಯಾಣಕ್ಕೆ ಬಂದದ್ದನ್ನು ನಾನು ನೋಡಿರಲಿಲ್ಲ. ದಿವಾ ಸ್ಟೇಷನ್ ಬಿಟ್ಟು, ಕೋಪರ್ ಇನ್ನೂ ಬರುವ ಮೊದಲು, ಎರಡೂ ಬದಿಗೆ ಬರೀ ಹುಲ್ಲು ಇರುವ ಒಂದು ಜಾಗದಲ್ಲಿ ಚಿತ್ರ ಹಠಾತ್ತನೆ ನಿಂತುಬಿಡುತ್ತಿತ್ತು. ಕಂಪ್ಯೂಟರಿನ ಕೆಂಪು ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು, ಒಳಗೆ ಕರಕರ ಸದ್ದು. ಒಂದೆರಡು ಉಸಿರಿನ ಹೊತ್ತು, ಅಷ್ಟೇ. ಮತ್ತೆ ಚಿತ್ರ ಕದಲಿದಾಗ ಗಾಡಿ ಎಷ್ಟೋ ಮುಂದೆ ಹೋಗಿರುತ್ತಿತ್ತು. ನಡುವಿನ ಹಳಿ ಕಾಣಿಸಿಯೇ ಇರುತ್ತಿರಲಿಲ್ಲ. ಮಾವ ಅಡಿಕೆ ಡಬ್ಬಿಯ ಮೇಲಿನಿಂದ ಎಡಗೈ ಎತ್ತಿ, ಬ್ರೇಕ್ ಹಾಕಿ, ಕಂಪ್ಯೂಟರನ್ನೇ ಬಂದ್ ಮಾಡಿ ಎದ್ದುಬಿಡುವರು. ಆಮೇಲೆ ಅವರಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

"ದಿನಾ ದಿವಾದಲ್ಲೇ ಗಾಡಿ ರದ್ದಾದ್ರೆ ಹೇಗೆ ಮಾವಾ? ಪ್ಯಾಸೆಂಜರ್ ಎಲ್ಲ ಇಳಿದು ನಡ್ಕೊಂಡು ಬರ್ಬೇಕಾ?" ಎಂದು ನಾನು ಒಮ್ಮೆ ಚುಡಾಯಿಸಿದೆ.

ಅವರು ನಗಲಿಲ್ಲ. ತಟ್ಟೆಯನ್ನೇ ನೋಡುತ್ತಾ ಕೇಳಿದರು: "ನೀ ಕಂಪ್ಯೂಟರ್ ರಿಪೇರಿ ಕೆಲಸದಾಕಿ ಅಲ್ಲೇನು? ಇದಕ್ಕ ಮೆಮರಿ ಹೆಚ್ಚಿಗಿ ಹಾಕಿದ್ರ ಇದು ಅಲ್ಲಿ ಕಣ್ಣು ಮುಚ್ಚೂದು ಬಿಡತದೇನು?"

ಹ್ಯಾಂಗ್ ಆಗುತ್ತದೆ ಅನ್ನಲಿಲ್ಲ, ಸ್ಲೋ ಆಗುತ್ತದೆ ಅನ್ನಲಿಲ್ಲ. ಕಣ್ಣು ಮುಚ್ಚುತ್ತದೆ ಎಂದರು. ಅತ್ತೆ ಸಾರಿನ ಸೌಟನ್ನು ಕೈಯಲ್ಲೇ ಹಿಡಿದು ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ.

ನಾನು ಮಹಾಪೆಯ ಒಂದು ಕಂಪನಿಯಲ್ಲಿ ಹಾರ್ಡ್‌ವೇರ್ ಸಪೋರ್ಟಿನಲ್ಲಿದ್ದೆ. ಯಾರ ಮಷೀನು ಕೆಟ್ಟರೂ ನನಗೇ ಫೋನು. ಹಳೆ ಕಂಪ್ಯೂಟರಿಗೆ ರ್‍ಯಾಮ್ ಎಂಬ ಈ ಮೆಮರಿ ಹಾಕಿದರೆ ಗೇಮ್ ಚೆನ್ನಾಗಿ ಓಡುತ್ತದಾ ಎಂದು ಆಫೀಸಿನ ಹುಡುಗರು ವಾರಕ್ಕೊಬ್ಬರಾದರೂ ಕೇಳುವವರೇ. ಅವರಿಗೆಲ್ಲ ನನ್ನ ಉತ್ತರ ಒಂದೇ: ಏನು ಕಡಿಮೆಯಾಗಿದೆ ಎಂದು ಮೊದಲು ನೋಡಬೇಕು. ಚಿತ್ರ ಬಿಡಿಸುವ ಶಕ್ತಿಯೇ ಇಲ್ಲದ ಯಂತ್ರಕ್ಕೆ ಎಷ್ಟು ರ್‍ಯಾಮ್ ತುರುಕಿದರೂ ಅಷ್ಟೇ.

ನನ್ನ ಗಂಡನಿಗಂತೂ ಈ ವಿಷಯವೇ ಬೇಡ. ಕಲ್ಯಾಣದಲ್ಲೇ ಹುಟ್ಟಿ ಬೆಳೆದವರು, ಅವರ ಒಂದು ಮಾತಿನಲ್ಲಿ ಮೂರು ಭಾಷೆ. "ರ್‍ಯಾಮ್ ಡಾಲ್‌ಕೇ ಕುಛ್ ನಹೀ ಹೋಗಾ, ಪಪ್ಪಾ, ಏನೂ ಉಪಯೋಗ ಇಲ್ಲ. ಹಳೇ ಡಬ್ಬಾ ಅದು. ನವಾ ಘೇಊಯಾ ನಾ, ಹೊಸದೇ ತರೋಣ" ಎಂದರು.

"ಹೊಸಾದು ಬ್ಯಾಡೋ" ಎಂದರು ಮಾವ. "ಹೊಸಾದ್ರಾಗ ಈ ಲೈನು ಹಿಂಗೇ ಇರತದೋ ಇಲ್ಲೋ. ನನಗ ಸ್ಪೀಡ್ ಏನೂ ಬ್ಯಾಡ. ಆ ಒಂದು ಜಾಗಾ ಕಾಣ್ಬೇಕು, ಅಷ್ಟೇ."

ಭಾನುವಾರ ನಾನೇ ಕೂತು ಪರೀಕ್ಷೆ ಮಾಡಿದೆ. ಗಾಡಿ ಮುಂಬ್ರಾಕ್ಕೆ ಬರುವಷ್ಟರಲ್ಲಿ ಮೆಮರಿ ತುಂಬಿ ತುಳುಕುತ್ತಿತ್ತು. ದಿವಾದ ಆಚೆ ಡೊಂಬಿವಲಿಯ ಕಟ್ಟಡಗಳ ರಾಶಿಯನ್ನು ಒಟ್ಟಿಗೇ ಎಳೆದುಕೊಳ್ಳಬೇಕಾದಾಗ ಜಾಗ ಸಾಲದೆ, ಒಳಗಿದ್ದದ್ದನ್ನು ಹಾರ್ಡ್ ಡಿಸ್ಕಿಗೆ ಹಾಕಿ ತೆಗೆದು ಒದ್ದಾಡುತ್ತಿತ್ತು. ಮಾವನಿಗೆ ತಿಳಿಯುವ ಹಾಗೆ ಹೇಳಿದೆ: "ನಮ್ಮ ಅಡುಗೆ ಕಟ್ಟೆ ನೋಡಿ, ಸಣ್ಣದು. ಹಬ್ಬದ ದಿನ ಅತ್ತೆ ಪಾತ್ರೆಗೆ ಅಂತ ಅಟ್ಟಕ್ಕೆ ಹತ್ತಿ ಇಳಿದು ಮಾಡ್ತಾರಲ್ಲ, ಅಷ್ಟು ಹೊತ್ತು ಒಲೆ ಮುಂದೆ ಯಾರೂ ಇರೋದಿಲ್ಲ. ಕಟ್ಟೆ ದೊಡ್ಡದು ಮಾಡಿದ್ರೆ ಅತ್ತೆಯ ಕೈ ಏನೂ ಜೋರಾಗೋದಿಲ್ಲ. ಆದ್ರೆ ಒಲೆ ಬಿಟ್ಟು ಹೋಗೋದು ತಪ್ಪುತ್ತದೆ. ಇದಕ್ಕೂ ಅಷ್ಟೇ."

"ಅಂದ್ರ ಕಾಣತದ?"

"ಕಾಣ್ತದೆ ಮಾವಾ."

ಅವರ ಮುಖ ಬಿಳಿಚಿತು. ಕೇಳಿದ್ದು ಅವರೇ, ಸಿಗುತ್ತದೆ ಅಂದ ಕೂಡಲೇ ಹೆದರಿದ್ದೂ ಅವರೇ. ನನಗೆ ಏನೂ ತಿಳಿಯಲಿಲ್ಲ. ಅತ್ತೆ ತರಕಾರಿಗೆ ಹೋಗಿದ್ದರು, ಗಂಡ ಮನೆಯಲ್ಲಿರಲಿಲ್ಲ. ಮಾವ ಅಡಿಕೆ ಡಬ್ಬಿಯ ಮೇಲೆ ಕೈ ಒತ್ತಿಕೊಂಡೇ ಹೇಳಿದರು.

"ಇಂಥಾ ಮಧ್ಯಾಹ್ನನ. ಬಿಸಲಂದ್ರ ಬಿಸಲು. ದಿವಾ ಬಿಟ್ಟು ಸ್ಪೀಡ್ ತಗೊಂಡಿದ್ದೆ. ಒಬ್ಬಾಕಿ ಹೆಣ್ಮಗಳು, ಕೈಯಾಗ ಒಂದು ಚೀಲ, ಹುಲ್ಲಿನೊಳಗಿಂದ ಟ್ರ್ಯಾಕಿಗೆ ಏರಿದ್ಲು. ಹಾರ್ನ್ ಹೊಡದೆ. ಆಕಿ ಹೊಳ್ಳಿ ನೋಡಿದ್ಲು. ಗಾಡೀನ ಅಲ್ಲ, ನನ್ನ ನೋಡಿದ್ಲು. ಬಲಗೈಲೆ ಬ್ರೇಕ್ ಎಳದೆ. ಎಡಗೈ ತಾನೇ ಎದ್ದು ನನ್ನ ಕಣ್ಣಿನ ಮ್ಯಾಲೆ ಬಂತು. ಮುಚ್ಚಿಬಿಟ್ಟೆ. ತಗದಾಗ ಗಾಡಿ ನಿಂತಿತ್ತು, ಮುಂದ ಹಳಿ ಖಾಲಿ."

ಆಮೇಲೆ ಗಾರ್ಡ್ ಇಳಿದು ಬಂದಿದ್ದನಂತೆ. ಹಿಂದೆ ಗಾಡಿಗಳು ಸಾಲುಗಟ್ಟಿದ್ದವಂತೆ. ಜನ ಆಕೆಯನ್ನು ಎತ್ತಿ ಗಾರ್ಡಿನ ಬೋಗಿಗೆ ಹಾಕಿದ್ದು, ಡೊಂಬಿವಲಿಯಲ್ಲಿ ಇಳಿಸಿದ್ದು ಎಲ್ಲವೂ ಹಿಂದುಗಡೆ ನಡೆಯಿತು. ಇವರು ಕ್ಯಾಬಿನ್ನಿನಿಂದ ಇಳಿಯಲಿಲ್ಲ. ತಿರುಗಿಯೂ ನೋಡಲಿಲ್ಲ. ಗಾರ್ಡ್ ಎರಡು ಗಂಟೆ ಬಾರಿಸಿದ, ಇವರು ಎರಡು ಬಾರಿಸಿ ಉತ್ತರ ಕೊಟ್ಟು ಗಾಡಿ ಬಿಟ್ಟರು. ಲೋಕಲ್ ಹೊರಡುವ ಕ್ರಮ ಅದು, ಎಂಥ ದಿನವಾದರೂ ಅದೇ.

"ಬದುಕಿದ್ಲಾ ಮಾವಾ?"

"ಕೇಳಲಿಲ್ಲ. ನಮ್ಮಾಗ ಕೇಳೂ ರೂಢಿ ಇಲ್ಲ."

ಮೋಟರ್‌ಮನ್‌ಗಳು ಡ್ಯೂಟಿ ಮುಗಿಸಿ ಕೂರುವ ಕೋಣೆಯಲ್ಲಿ, ಯಾರಿಗಾದರೂ ಇಂಥ ದಿನ ಬಂದರೆ ಉಳಿದವರು ಒಂದು ಮಾತೂ ಎತ್ತುವುದಿಲ್ಲವಂತೆ. ಅವನ ಮುಂದೆ ಸಕ್ಕರೆ ಹೆಚ್ಚು ಹಾಕಿದ ಚಹಾ ತಂದಿಟ್ಟು, ಕ್ರಿಕೆಟ್ಟಿನ ಮಾತೋ ಮಳೆಯ ಮಾತೋ ಆಡುತ್ತಾರೆ. ಕುಡಿದವನು ಬಾಯಿ ಸಿಹಿಯಾದಾಗ ತಿಳಿದುಕೊಳ್ಳಬೇಕು, ಇವರಿಗೆಲ್ಲ ಗೊತ್ತಾಗಿದೆ ಎಂದು. ಮನೆಯಲ್ಲಿ ಅತ್ತೆಯದು ಇನ್ನೊಂದು ಕ್ರಮ. ಗಂಡ ಬೆಲ್ ಒತ್ತದೆ ಬಾಗಿಲ ಹೊರಗೇ ನಿಂತಿದ್ದರೆ, ಅವರು ಏನೂ ಕೇಳದೆ ಒಂದು ತಂಬಿಗೆ ನೀರು ತಂದು ಪಾದದ ಮೇಲೆ ಸುರಿದು ಒಳಗೆ ಕರೆಯುತ್ತಿದ್ದರು.

"ಅಷ್ಟು ವರ್ಷದಾಗ ಆಕಿ ಒಬ್ಬಾಕೇ ಅಲ್ಲವಾ" ಎಂದರು ಮಾವ. "ಇನ್ನೂ ಆಗ್ಯಾವ. ಅವರನ್ನ ಕಡೀತನಕ ಕಣ್ಣಾರೆ ನೋಡೀನಿ. ನೋಡಿದವರೆಲ್ಲಾ ಹೋಗ್ಯಾರ. ನಾ ನೋಡದಾಕಿ ಒಬ್ಬಾಕಿ ಹೋಗವಲ್ಲಳು."

ಹಾಲಿನ ತುಂಬ ಹಗಲು ಬೆಳಕು, ಕೆಳಗೆ ತರಕಾರಿ ಮಾರುವ ಭಾಜಿವಾಲಾ ಕೂಗುತ್ತಿದ್ದ, ಆದರೂ ಯಾರೋ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದಾರೆ ಅನ್ನಿಸಿಬಿಟ್ಟಿತು. ಎದ್ದು ಹೋಗಿ ಚಹಾ ಮಾಡಿದೆ. ಸಕ್ಕರೆ ಹೆಚ್ಚು ಹಾಕಿದೆ. ಅವರ ಮುಂದಿಟ್ಟು, ಈ ಸಲ ಮಳೆ ಬೇಗ ಬರುತ್ತದಂತೆ ಮಾವಾ ಎಂದೆ. ಅವರು ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಪೂರ್ತಿ ಕುಡಿದರು.

ಹಳೆಯ ಮಷೀನಿಗೆ ಹೊಂದುವ ರ್‍ಯಾಮ್ ಹುಡುಕುವುದೇ ಒಂದು ಸಾಹಸವಾಯಿತು. ಹೊಸ ಕಾಲದ ಮೆಮರಿ ಪಟ್ಟಿಗಳಿಗೆ ಕಚ್ಚು ಬೇರೆ ಕಡೆ ಇರುತ್ತದೆ, ಒತ್ತಿ ಕೂರಿಸಲು ಹೋದರೆ ಬೋರ್ಡೇ ಹಾಳು. ಅಂಗಡಿಯವರೆಲ್ಲ ನನ್ನನ್ನು ಮ್ಯೂಸಿಯಮ್ಮಿನಿಂದ ಎದ್ದು ಬಂದವಳ ಹಾಗೆ ನೋಡಿದರು. ಕೊನೆಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ, ವೈರುಗಳ ಗಂಟಿನ ಅಡಿಯಲ್ಲಿ ಒಂದು ಪಟ್ಟಿ ಸಿಕ್ಕಿತು. ಇದ್ದದ್ದರ ದುಪ್ಪಟ್ಟು. ಮನೆಗೆ ತಂದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳಪು ಮಾಡಿ ಕೂರಿಸಿದೆ. ಸ್ವಿಚ್ ಹಾಕಿದರೆ ಚಿತ್ರವಿಲ್ಲ, ಬರೀ ಪೀ ಪೀ ಎಂಬ ಸದ್ದು.

"ಇದ್ಯಾವ ಗಂಟಿ ಕೋಡ್ ಅವಾ?" ಎಂದರು ಮಾವ ಗಾಬರಿಯಿಂದ. "ಗಾರ್ಡ್ ಏನಾರ ಹೇಳಾಕತ್ತಾನೇನು?"

"ಸರಿಯಾಗಿ ಕೂತಿಲ್ಲ ಅಂತ ಹೇಳ್ತಾ ಇದೆ ಮಾರಾಯ್ರೇ" ಎಂದು ಇನ್ನೊಮ್ಮೆ ತೆಗೆದು ಟಕ್ಕನೆ ಸದ್ದಾಗುವವರೆಗೆ ಒತ್ತಿದೆ. ಈ ಸಲ ಚಿತ್ರ ಬಂತು.

ಅವತ್ತು ಅವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಗಾಡಿ ವಿ.ಟಿ. ಬಿಟ್ಟಿತು. ದಾದರ್, ಕುರ್ಲಾ, ಘಾಟ್‌ಕೋಪರ್. ಮುಲುಂಡಿನ ಬ್ರಿಜ್ಜಿಗೆ ಬೈಯಲಿಲ್ಲ. ಥಾಣೆ ಬಂದರೂ ಯಾರೂ ಹಪ್ಪಳದ ಮಾತೆತ್ತಲಿಲ್ಲ. ದಿವಾ ಬಿಟ್ಟ ಮೇಲೆ ಅಡಿಕೆ ಡಬ್ಬಿಯ ಮೇಲಿದ್ದ ಆ ಕೈಯ ನರಗಳು ಉಬ್ಬಿದ್ದನ್ನು ನಾನು ನೋಡಿದೆ. ಒತ್ತಿ ಹಿಡಿಯುವುದು ಬರೀ ಅಭ್ಯಾಸವಲ್ಲ ಎಂದು ನನಗೆ ಆಗ ಹೊಳೆಯಿತು. ಆ ಕೈ ಮತ್ತೆ ಎದ್ದು ಕಣ್ಣಿಗೆ ಬರಬಾರದು, ಅದಕ್ಕೆ ಅವರು ಹಗಲೂ ರಾತ್ರಿ ಅದನ್ನು ಒತ್ತಿ ಕೂರಿಸುತ್ತಿದ್ದರು.

ಹುಲ್ಲು ಬಂತು. ಚಿತ್ರ ನಿಲ್ಲಲಿಲ್ಲ. ಒಂದೊಂದೇ ಕಂಬ, ಒಂದೊಂದೇ ಹಳಿಯ ಪಟ್ಟಿ, ನಡುವೆ ಏನೂ ಬಿಟ್ಟುಹೋಗದ ಹಾಗೆ ಬಂದವು. ಮಾವ ಕಣ್ಣು ಪಿಳುಕಿಸಲಿಲ್ಲ. ಬ್ರೇಕ್ ಹಾಕುತ್ತ ಹಾಕುತ್ತ ಗಾಡಿಯನ್ನು ಸರಿಯಾಗಿ ಅಲ್ಲಿ ತಂದು ನಿಲ್ಲಿಸಿದರು. ಎದುರಿಗೆ ಖಾಲಿ ಹಳಿ, ಆಕಡೆ ಈಕಡೆ ಹಸಿರು ಬಳಿದ ಹಾಗಿದ್ದ ಹುಲ್ಲು.

"ಯಾರೂ ಇಲ್ಲವಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇರ್ತಾಳ. ಆಕಿ ದಾಟ್ಲಿ. ನಾ ನಿಲ್ಲಸೀನಿ ಈಗ" ಎಂದರು.

ನಾವು ಮೂವರೂ ಆ ಖಾಲಿ ಹಳಿಯನ್ನು ನೋಡುತ್ತಾ ಉಳಿದೆವು. ಬಹಳ ಹೊತ್ತಾಯಿತು. ಅತ್ತೆ ಸೆರಗು ಬಾಯಿಗೊತ್ತಿಕೊಂಡಿದ್ದರು. ಆಮೇಲೆ ಮಾವ ನನ್ನ ಕಡೆ ತಿರುಗದೆಯೇ, "ದಾಟಿದಳು. ಎರಡು ಗಂಟಿ ಕೊಡು" ಎಂದರು. ನನಗೆ ಏನು ಮಾಡಬೇಕೆಂದು ತೋಚದೆ ಅಲ್ಲಿದ್ದ ಸ್ಟೀಲಿನ ಲೋಟವನ್ನು ಚಮಚದಿಂದ ಎರಡು ಸಲ ಬಡಿದೆ. ಅವರು ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದು ಉತ್ತರ ಕೊಟ್ಟರು. ಗಾಡಿ ಕದಲಿತು. ಕೋಪರ್, ಡೊಂಬಿವಲಿ, ಠಾಕುರ್ಲಿ. ಕಲ್ಯಾಣ ಬಂದಾಗ ಅವರ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ನಾನು ಅತ್ತುಬಿಟ್ಟೆ. ಅತ್ತೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕುರ್ಚಿಯಲ್ಲಿ ಕೂತಿದ್ದ ಅವರ ಪಾದದ ಮೇಲೆ ಸುರಿದರು. ಹಾಲೆಲ್ಲ ಒದ್ದೆಯಾಯಿತು, ಆಮೇಲೆ ಒರೆಸಿದೆವು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತದೆ! ಮರುದಿನವೂ ಡ್ಯೂಟಿ, ಮರುದಿನವೂ ದಿವಾದ ಆಚೆ ಗಾಡಿ ನಿಲ್ಲಿಸುವುದು, ಆಕೆಗಾಗಿ ಕಾಯುವುದು. ಗಂಟೆ ಮಾತ್ರ ನಾನೇ ಕೊಡಬೇಕು. ಅತ್ತೆ ಕೊಟ್ಟರೆ ಆಗದು, ಮಗ ಕೊಟ್ಟರೂ ಆಗದು. ನಾನು ಮಹಾಪೆಯಿಂದ ಸಂಜೆ ಮನೆಗೆ ಬಂದರೆ ಗಾಡಿ ಮಧ್ಯಾಹ್ನದಿಂದ ಆ ಹುಲ್ಲಿನ ನಡುವೆ ನಿಂತೇ ಇರುತ್ತಿತ್ತು, ಮಾವ ಡಬ್ಬಿಯ ಮೇಲೆ ಕೈಯಿಟ್ಟು ಕಾಯುತ್ತಾ ಕೂತಿರುತ್ತಿದ್ದರು.

"ಇದೆಂತದು ಮಾವಾ, ಚಹಾನಾದ್ರೂ ಕುಡೀಬಾರ್ದಾ?"

"ಗಾರ್ಡ್ ಇಲ್ಲದ ಗಾಡಿ ಹ್ಯಾಂಗ ಬಿಡ್ಲಿ?"

ಚಪ್ಪಲಿ ಬಿಟ್ಟು, ಬ್ಯಾಗು ಇಟ್ಟು, ಕೈ ತೊಳೆಯುವ ಮೊದಲು ನಾನು ಅವರ ಪಕ್ಕ ಕೂರುತ್ತಿದ್ದೆ. "ದಾಟಿದ್ಲಾ?" "ಇನ್ನ ಇಲ್ಲ." ಕೆಲವು ದಿನ ಆಕೆ ಬೇಗ ದಾಟುತ್ತಿದ್ದಳು, ಕೆಲವು ದಿನ ಕುಕ್ಕರ್ ಕೂಗಿದರೂ ದಾಟುತ್ತಿರಲಿಲ್ಲ. ನನ್ನ ಗಂಡ ಮೊದಲು ಸಿಡುಕಿದರು, ಡಾಕ್ಟರಿಗೆ ತೋರಿಸೋಣ ಅಂದರು. ಅಪ್ಪ ಚೆನ್ನಾಗಿ ಉಣ್ಣುತ್ತಿದ್ದಾರೆ, ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಎಂಬುದನ್ನು ಕಂಡ ಮೇಲೆ ಸುಮ್ಮನಾದರು. ಆಮೇಲಾಮೇಲೆ ಅವರೂ ಹಾಲಿನಲ್ಲಿ ನಡೆಯುವಾಗ ಮಾನಿಟರಿನ ಎದುರು ಅಡ್ಡ ಬರದೆ ಗೋಡೆ ಬದಿಗೆ ಸರಿದು ಹೋಗುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ನಾವು ಯಾರಿಗೆ ದಾರಿ ಬಿಡುತ್ತಿದ್ದೇವೆ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ನಮ್ಮ ಮಗಳು ಹುಟ್ಟಿದಳು, ಲೋಟ ಬಡಿಯುವ ಸದ್ದಿಗೆ ಕೈ ತಟ್ಟಿ ನಗುವಷ್ಟಾದಳು. ಆ ಹೊತ್ತಿಗೆ ಮಾವನ ಎದೆಗೆ ತೊಂದರೆ ಶುರುವಾಗಿತ್ತು. ಥಾಣೆಯ ಆಸ್ಪತ್ರೆಗೆ ಹೋಗಬೇಕಿತ್ತು. ಗಂಡ ಕಾರು ಹೇಳಿದರೆ ಮಾವ ಕೈ ಅಡ್ಡ ಮಾಡಿ, "ಗಾಡೀಲೆ ಹೋಗೂಣು" ಎಂದರು. ನಿವೃತ್ತಿಯಾದಾಗಿನಿಂದ ಆ ದಾರಿಯಲ್ಲಿ ರೈಲು ಹತ್ತದವರು. ಅತ್ತೆ ನನ್ನ ಮುಖ ನೋಡಿದರು. ನಾನು ಟಿಕೆಟ್ ತೆಗೆಸಿದೆ.

ಗದ್ದಲ ಕಡಿಮೆಯಾದ ಮಧ್ಯಾಹ್ನದ ಗಾಡಿ. ಅವರಿಗೆ ಕಿಟಕಿಯ ಬದಿ, ಪಕ್ಕದಲ್ಲಿ ನಾನು. ಡೊಂಬಿವಲಿ ಬಿಟ್ಟಿತು, ಕೋಪರ್ ಬಿಟ್ಟಿತು. ಹುಲ್ಲು ಶುರುವಾಯಿತು. ಆಟದಲ್ಲಿ ಅಷ್ಟು ಸಲ ನೋಡಿದ್ದೆ, ನಿಜದ್ದನ್ನು ನೋಡಲು ನನ್ನಿಂದಾಗಲಿಲ್ಲ, ಕಣ್ಣು ಮುಚ್ಚಿಬಿಟ್ಟೆ. ಆಗ ಆ ದಪ್ಪ ಚರ್ಮದ ಅಂಗೈ ನನ್ನ ಕೈಯನ್ನು ಬಲವಾಗಿ ಒತ್ತಿತು.

"ಕಣ್ಣು ತಗೀ" ಎಂದರು. "ನೋಡ್ಬೇಕವಾ. ನೋಡದಿದ್ರ ಅವರು ನಮ್ಮ ಹತ್ರನೇ ಉಳೀತಾರ."

ತೆರೆದೆ. ಹುಲ್ಲಿನ ನಡುವೆ ಬೆಳ್ಳಕ್ಕಿಗಳು, ಹಳಿಯ ಬದಿಯಲ್ಲಿ ಚೀಲ ಹಿಡಿದು ಸಾಲಾಗಿ ನಡೆದು ಹೋಗುತ್ತಿದ್ದ ನಾಲ್ಕಾರು ಹೆಂಗಸರು. ಯಾರೂ ನಮ್ಮ ಕಡೆ ತಿರುಗಲಿಲ್ಲ. ಮಾವ ಒಬ್ಬೊಬ್ಬರನ್ನೂ ಅವರು ಮರೆಯಾಗುವವರೆಗೆ ನೋಡಿದರು. ದಿವಾ ಬಂದ ಮೇಲೆ ಅವರು, "ಇವತ್ತು ಜಲ್ದಿ ದಾಟಿದಳು" ಎಂದು ಒಂದು ಉಸಿರು ಬಿಟ್ಟರು.

ಆಸ್ಪತ್ರೆಯವರು ಅವತ್ತೇ ಸೇರಿಸಿಕೊಂಡರು. ಅವರು ಕಲ್ಯಾಣಕ್ಕೆ ಮತ್ತೆ ಬರಲಿಲ್ಲ.

ಕೊನೆಯ ಮಧ್ಯಾಹ್ನ ಹತ್ತಿರ ಇದ್ದವಳು ನಾನೊಬ್ಬಳೇ. ಗಂಡ ಅತ್ತೆಯನ್ನು ಕರೆತರಲು ಹೋಗಿದ್ದರು. ಮಾವನಿಗೆ ಮಾತು ನಿಂತಿತ್ತು. ಎಡಗೈ ಮಂಚದ ಮೇಲೆ ಏನನ್ನೋ ಹುಡುಕುತ್ತಿತ್ತು. ಅಡಿಕೆ ಡಬ್ಬಿ ಮನೆಯಲ್ಲೇ ಉಳಿದಿತ್ತಲ್ಲ ಎಂದು ನನಗೆ ಸಂಕಟವಾಯಿತು. ನನ್ನ ಕೈಯನ್ನೇ ಅದರ ಅಡಿಗೆ ಇಟ್ಟೆ. ಒತ್ತಿಕೊಂಡರು. ಆ ಹಿಡಿತದಲ್ಲಿ ಆಗಲೂ ಬಲವಿತ್ತು. ಕಿಟಕಿಯಾಚೆ ಲೋಕಲ್ಲುಗಳು ಹಾರ್ನ್ ಹಾಕಿ ಹೋಗುತ್ತಿದ್ದವು, ಪ್ರತಿ ಹಾರ್ನಿಗೂ ಅಂಗೈ ಒಂದಿಷ್ಟು ಬಿಗಿಯುತ್ತಿತ್ತು. ಕಣ್ಣು ತೆರೆದೇ ಇತ್ತು, ಎದುರಿನ ಗೋಡೆಯನ್ನು ದಾಟಿ ಎಲ್ಲೋ ನೆಟ್ಟಿತ್ತು.

ಅವರ ಬಲಗೈಯ ಬೆರಳು ಹಾಸಿಗೆಯ ಮೇಲೆ ಅಲುಗಿತು, ಟಕ್ ಟಕ್ ಎಂದು ಬಡಿಯುವ ಹಾಗೆ. ಗಂಟೆ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಕೊಟ್ಟರೆ ಗಾಡಿ ಹೊರಡುತ್ತದೆ. ಕೊಡಲು ನನಗೆ ಮನಸ್ಸೇ ಇರಲಿಲ್ಲ, ದೇವರಾಣೆ ಇರಲಿಲ್ಲ. ಬೆರಳು ಮತ್ತೆ ಅಲುಗಿತು. ನೀರಿನ ಸ್ಟೀಲ್ ಲೋಟ ಪಕ್ಕದಲ್ಲೇ ಇತ್ತು. ಬಳೆಯಿಂದ ಎರಡು ಸಲ ಬಡಿದೆ.

ಸ್ವಲ್ಪ ಹೊತ್ತಿನಲ್ಲಿ ನನ್ನ ಕೈಯ ಮೇಲಿನ ಭಾರ ಸಡಿಲವಾಯಿತು.

ನರ್ಸ್ ಬಂದು ನಾಡಿ ನೋಡಿದರು. ಮರಾಠಿಯಲ್ಲಿ ಮೆಲ್ಲಗೆ, "ತಾಯೀ, ಅವರ ಕಣ್ಣು ಮುಚ್ಚಿ" ಎಂದರು. ನನಗೆ ಕೈ ಬರಲಿಲ್ಲ. ಒಂದೇ ಒಂದು ಸಲ ಕಣ್ಣು ಮುಚ್ಚಿದ್ದಕ್ಕೆ ಅವರು ಪಟ್ಟ ಪಾಡು ಆ ಊರಿನಲ್ಲಿ ಮತ್ತೆ ಯಾರಿಗೆ ಗೊತ್ತಿತ್ತು? ಸ್ವಲ್ಪ ಇರಲಿ ಎಂದೆ. ನರ್ಸ್ ಪರದೆ ಎಳೆದು ಹೋದರು. ಹೊರಗೆ ಒಂದು ಗಾಡಿ ಕಲ್ಯಾಣದ ಕಡೆಗೆ ಹೊರಟಿತು. ಅದು ಕಳವಾ ದಾಟಿ, ಮುಂಬ್ರಾ ದಾಟಿ, ದಿವಾ ದಾಟಿ, ಆ ಹುಲ್ಲನ್ನೂ ದಾಟುವಷ್ಟು ಹೊತ್ತು ಅವರ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ನಾನೇ ಅವರ ಕಣ್ಣು ಮುಚ್ಚಿದೆ.